ಹಾಳೆಯ ಮೂಡಲು

ಮೊನ್ನೆ ಮಂಡ್ಯದಿಂದ ಮಳವಳ್ಳಿಗೆ ಒಂದು ಮದುವೆಗೆ ಹೊರಟಿದ್ದೆವು. ತಂಗಿಯ ಮಗಳು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಮೊಬೈಲು ನೋಡುತ್ತ ಡ್ರೈವರಿಗೆ ದಾರಿ ಹೇಳುತ್ತಿದ್ದಳು. ಆ ದಾರಿಯಲ್ಲಿ ನಾನು ಅರ್ಧ ಆಯಸ್ಸು ಬಸ್ಸಿನಲ್ಲಿ ಓಡಾಡಿದ್ದೇನೆ. ಆದರೂ ಈಗಿನವರಿಗೆ ಹಿಂದಿನ ಸೀಟಿನ ದೊಡ್ಡಮ್ಮನಿಗಿಂತ ಕೈಯಲ್ಲಿರುವ ಫೋನಿನ ಮೇಲೆ ನಂಬಿಕೆ ಜಾಸ್ತಿ. ಹೋಗಲಿ, ಅದೇನು ಹೇಳುತ್ತದೋ ನೋಡೋಣ ಎಂದು ನಾನೂ ಬಗ್ಗಿ ಆ ಪುಟ್ಟ ನಕ್ಷೆಯ ಮೇಲೆ ಕಣ್ಣಿಟ್ಟೆ. ಕಾರು ಒಂದು ತಿರುವಿನಲ್ಲಿ ತಿರುಗಿತು. ತಿರುಗಿದ್ದೇ ತಡ, ನಕ್ಷೆಯೂ ಗಿರ್ರನೆ ತಿರುಗಿಬಿಟ್ಟಿತು! ಊರು, ಕೆರೆ, ನಾಲೆ, ರಸ್ತೆ ಎಲ್ಲ ಒಟ್ಟಿಗೆ. ಅದರ ಜೊತೆ ನನ್ನ ತಲೆಯೂ ತಿರುಗಿತು.

"ನಿಲ್ಸಮ್ಮಿ ಅದ್ನ! ಮಳವಳ್ಳಿ ತೆಂಕ್ಲಾಗೈತೆ, ಅದ್ಯಾಕೆ ಮ್ಯಾಕೋಯ್ತು?" ಎಂದು ಕೂಗಿಕೊಂಡೆ. ಗಾಬರಿಯಾದಾಗ ನನ್ನ ಬಾಯಲ್ಲಿ ಈಗಲೂ ಹನಕೆರೆಯ ಮಾತೇ ಬರುವುದು.

"ನಾವು ಹೋಗ್ತಾ ಇರೋ ಕಡೆ ಯಾವಾಗ್ಲೂ ಮೇಲೇ ತೋರಿಸುತ್ತೆ ದೊಡ್ಡಮ್ಮ. ನಮ್ಮ ಅನುಕೂಲಕ್ಕೆ" ಎಂದಳು ಹುಡುಗಿ.

"ನಮ್ಮ ಅನುಕೂಲಕ್ಕೆ ಮಳವಳ್ಳಿ ಜಾಗ ಬಿಟ್ಟು ಏಳಬೇಕೇನೇ?" ಎಂದೆ. ಅವಳು ನಕ್ಕು ಎಲ್ಲೋ ಏನೋ ಒತ್ತಿದಳು. ನಕ್ಷೆ ಮತ್ತೊಮ್ಮೆ ತಿರುಗಿ, ಬಡಗಲು ಮೇಲೆ, ಮೂಡಲು ಬಲಕ್ಕೆ ಎಂದು ನೆಟ್ಟಗೆ ನಿಂತಿತು. ಆಮೇಲೆ ಕಾರು ಎತ್ತ ತಿರುಗಿದರೂ ಅದು ಅಲುಗಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಸೀಟಿಗೊರಗಿ ಕಣ್ಣು ಮುಚ್ಚಿದರೆ ಎದುರಿಗೆ ಬಂದು ನಿಂತವರು ನಮ್ಮ ಅನಂತಯ್ಯ ಮೇಷ್ಟ್ರು.

ಅವರ ವಿಷಯಕ್ಕೆ ಬರುವ ಮೊದಲು ನಮ್ಮ ಮನೆಯ ಮಾತಿನ ರೀತಿಯನ್ನು ನಿಮಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನನ್ನನ್ನು ದಡ್ಡಿ ಎಂದುಕೊಂಡುಬಿಡುತ್ತೀರಿ. ಅದು ಪೂರ್ತಿ ಸುಳ್ಳಲ್ಲ, ಆದರೂ ಕಾರಣ ತಿಳಿದುಕೊಂಡು ಅಂದುಕೊಳ್ಳಿ.

ಹನಕೆರೆ ಎಂದರೆ ಮದ್ದೂರಿಗೂ ಮಂಡ್ಯಕ್ಕೂ ನಡುವೆ ಪ್ಯಾಸೆಂಜರ್ ರೈಲು ಒಂದು ಗಳಿಗೆ ನಿಂತು ಹೋಗುವ ಊರು. ನಾಲೆ ನೀರಿನ ಗದ್ದೆ, ಕಬ್ಬು, ಹಟ್ಟಿಯ ತುಂಬ ದನ. ಮನೆಯ ಯಜಮಾನಿಕೆ ನಮ್ಮಜ್ಜಿಯದು. ಅಜ್ಜಿಯ ಬಾಯಲ್ಲಿ ಎಡ, ಬಲ ಎಂಬ ಮಾತುಗಳು ಬಂದದ್ದನ್ನು ನಾನು ಕೇಳಿಯೇ ಇಲ್ಲ. "ಮೂಡ್ಲಾಗಿ ಒಸಿ ಸರ್ಕೊ", "ಉಪ್ಪಿನ ಮಡಕೆ ಪಡುವ್ಲ ಮೂಲೇಲೈತೆ ನೋಡಮ್ಮಿ", "ಬಡಗ್ಲು ಒಲೆಗೆ ಸೌದೆ ತಳ್ಳು." ಎಲ್ಲವೂ ದಿಕ್ಕಿನ ಲೆಕ್ಕವೇ. ಒಮ್ಮೆ ನಾನು ಒಲೆ ಊದಿ ಎದ್ದಾಗ, "ತೆಂಕ್ಲು ಕೆನ್ನೇಲಿ ಮಸಿ ಅಂಟದೆ, ಒರ್ಸ್ಕೊ" ಎಂದಳು. ಒರೆಸಿಕೊಳ್ಳಲು ಸೆರಗು ಹುಡುಕುತ್ತ ತಿರುಗಿದೆ. ಅಷ್ಟರಲ್ಲಿ ಮಸಿ ಬಡಗಲ ಕೆನ್ನೆಗೆ ಹೋಗಿತ್ತು. ನಾನು ತೆಂಕಲ ಕೆನ್ನೆಯನ್ನೇ ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡು ಹಾಗೇ ರೈಲು ಹತ್ತಿದ್ದೆ.

ಎಡ ಬಲ ಇದ್ದದ್ದು ಎತ್ತುಗಳಿಗೆ ಮಾತ್ರ. ಎಡಗಡೆಯ ಎತ್ತು, ಬಲಗಡೆಯ ಎತ್ತು. ಅದಕ್ಕೂ ಕಾರಣ ಉಂಟು. ಉಳುವ ಎತ್ತು ಸಾಲಿನ ಕೊನೆಗೆ ಬಂದೊಡನೆ ಹಿಂದಕ್ಕೆ ತಿರುಗುತ್ತದೆ. ಈ ಸಾಲಿನಲ್ಲಿ ಮೂಡಲಾಗಿದ್ದ ಎತ್ತು ಮುಂದಿನ ಸಾಲಿನಲ್ಲಿ ಪಡುವಲಾಗಿರುತ್ತದೆ. ಹಾಗೆ ಸದಾ ತಿರುಗುತ್ತಲೇ ಇರುವ ಪ್ರಾಣಿಗೆ ಎಡಬಲ. ನಾವು ಮನುಷ್ಯರು, ನಮಗೆ ಮೂಡಲು ಪಡುವಲು. ಇದು ಸರಿಯಾದ ಏರ್ಪಾಡು ಎಂದೇ ನಾನು ನಂಬಿದ್ದೆ.

ಈ ನಂಬಿಕೆಯ ಸಮೇತ ನಾನು ಮಂಡ್ಯದ ಹೈಸ್ಕೂಲು ಸೇರಿದೆ. ನಮ್ಮ ಬೀದಿಯಿಂದ ರೈಲಿನಲ್ಲಿ ಓದಲು ಹೋದ ಮೊದಲ ಹುಡುಗಿ ನಾನೇ. ಅಪ್ಪ ಸೀಸನ್ ಟಿಕೆಟ್ ಮಾಡಿಸಿಕೊಟ್ಟಿದ್ದ. ಅದನ್ನು ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಕೆಳಗೆ ಮಡಚಿ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆ ಪಡುವಲಾಗಿ ಹೋಗುವುದು, ಸಂಜೆ ಮೂಡಲಾಗಿ ಬರುವುದು. ಮಂಡ್ಯ ಸಮೀಪಿಸುತ್ತಿದ್ದಂತೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಕಿಟಕಿಯಿಂದ ನುಗ್ಗುತ್ತಿತ್ತು. ಪಟ್ಟಣದವರು ಮೂಗು ಮುಚ್ಚಿಕೊಳ್ಳುವರು. ನನಗೆ ಮಾತ್ರ ಅದು ವಿದ್ಯೆಯ ವಾಸನೆ. ಎಲ್ಲಾದರೂ ಕಾಕಂಬಿ ಘಮಲು ಬಂದರೆ ಈಗಲೂ ಹೋಂವರ್ಕ್ ಮಾಡಿದೆನೇ ಎಂದು ಎದೆ ಧಸಕ್ಕೆನ್ನುತ್ತದೆ.

ಅನಂತಯ್ಯ ಮೇಷ್ಟ್ರು ನಮಗೆ ಲೆಕ್ಕ ಕಲಿಸುತ್ತಿದ್ದರು. ಸ್ವಂತ ಊರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ, ಬಿಡಾರ ಮಂಡ್ಯದ ಗುತ್ತಲಿನಲ್ಲಿ. ತೆಳ್ಳನೆಯ ಆಳು, ಬಿಳಿ ಪಂಚೆ, ಅದರ ಮೇಲೊಂದು ಕಂದು ಕೋಟು. ಕೋಟಿನ ಜೇಬಿಗೆ ಕೈ ಹಾಕಿದರೆ ಸೀಮೆಸುಣ್ಣವೂ ನಶ್ಯದ ಡಬ್ಬಿಯೂ ಒಟ್ಟಿಗೆ ಬರುತ್ತಿದ್ದವು. ಕೆಲವೊಮ್ಮೆ ಯಾವುದು ಬೋರ್ಡಿಗೆ ಯಾವುದು ಮೂಗಿಗೆ ಎಂದು ಅವರಿಗೇ ಗೊಂದಲವಾಗುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಲೆಕ್ಕದ ಪುಸ್ತಕ ಹೊಸದಾಗಿತ್ತು. ಅದರಲ್ಲಿ ನಿರ್ದೇಶಾಂಕ ಎಂಬ ಪಾಠ. ಗೊತ್ತಿಲ್ಲದವರು ಹೆದರಬೇಡಿ, ವಿಷಯ ಸುಲಭದ್ದೇ. ಚೌಕುಳಿ ಚೌಕುಳಿಯಾದ ಗ್ರಾಫ್ ಹಾಳೆಯ ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ. ಅವು ಕೂಡುವ ಜಾಗ ಮೂಲಬಿಂದು. ಮೂರು, ಎರಡು ಎಂದರೆ ಅಲ್ಲಿಂದ ಬಲಕ್ಕೆ ಮೂರು ಮನೆ, ಮೇಲಕ್ಕೆ ಎರಡು ಮನೆ ಎಣಿಸಿ ಚುಕ್ಕೆ ಇಡಬೇಕು. ಚುಕ್ಕೆಗಳನ್ನು ಸೇರಿಸಿದರೆ ಒಂದು ಆಕಾರ ಬರುತ್ತದೆ. ಆಮೇಲೆ ಆ ಆಕಾರವನ್ನು ಮೂಲಬಿಂದುವಿನ ಸುತ್ತ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಎಲ್ಲಿಗೆ ಬಂತು ಎಂದು ಹೇಳಬೇಕು. ಇಷ್ಟೇ.

ಮೇಷ್ಟ್ರು ಮೊದಲ ದಿನ ಪಾಪ, ನಮಗೆ ಸುಲಭವಾಗಲಿ ಎಂದು, ಭಾರತದ ಭೂಪಟ ತಂದು ಬೋರ್ಡಿನ ಪಕ್ಕ ತೂಗುಹಾಕಿದರು. "ನೋಡಿ ಮಕ್ಕಳೇ, ಮೊದಲನೇ ಸಂಖ್ಯೆ ಪೂರ್ವಕ್ಕೆ, ಎರಡನೇದು ಉತ್ತರಕ್ಕೆ. ನಕ್ಷೆ ಇದ್ದ ಹಾಗೇ" ಎಂದರು. ಕ್ಲಾಸಿನ ಉಳಿದವರು ಅದನ್ನು ಬಲಕ್ಕೆ, ಮೇಲಕ್ಕೆ ಎಂದು ತಿಳಿದುಕೊಂಡರು. ನಾನು ಮೂಡಲಿಗೆ, ಬಡಗಲಿಗೆ ಎಂದು ತಿಳಿದುಕೊಂಡೆ. ಎಷ್ಟು ಚೆನ್ನಾಗಿದೆ ಈ ಗಣಿತ, ನಮ್ಮಜ್ಜಿಯೇ ಬರೆದ ಹಾಗಿದೆ ಎಂದು ಒಳಗೊಳಗೇ ಹಿಗ್ಗಿದೆ.

ಈಗ ಯಡವಟ್ಟು ಎಲ್ಲಾಯಿತು ನೋಡಿ. ನಮ್ಮ ಕ್ಲಾಸಿನ ಬೋರ್ಡು ಇದ್ದದ್ದು ಪಡುವಲ ಗೋಡೆಯಲ್ಲಿ. ನಾವೆಲ್ಲ ಪಡುವಲಿಗೆ ಮುಖ ಮಾಡಿ ಕೂರುತ್ತಿದ್ದೆವು. ಹಾಗಾಗಿ ಮೂಡಲು ನನ್ನ ಬೆನ್ನ ಹಿಂದೆ, ಬಡಗಲು ನನ್ನ ಬಲಗೈ ಕಡೆಗೆ. ಮೂರು, ಎರಡು ಎಂದೊಡನೆ ನಾನು ಮೂರು ಮನೆ ನನ್ನ ಹೊಟ್ಟೆಯ ಕಡೆಗೆ ಎಣಿಸಿ, ಎರಡು ಮನೆ ಬಲಗೈ ಕಡೆಗೆ ಸರಿದು ಚುಕ್ಕೆ ಇಡುತ್ತಿದ್ದೆ. ಬೋರ್ಡಿನಲ್ಲಿ ಮೇಷ್ಟ್ರು ಬರೆಯುವುದು ಕಾಣುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಕಾಣುತ್ತಿತ್ತು. ಆದರೆ ಗೋಡೆಗೆ ತೂಗುಹಾಕಿದ ಭೂಪಟವನ್ನು ಮನಸ್ಸಿನಲ್ಲೇ ಕೆಳಗಿಳಿಸಿ, ನೆಲಕ್ಕೆ ಹಾಸಿ, ದಿಕ್ಕಿಗೆ ಸರಿಯಾಗಿ ತಿರುಗಿಸಿಕೊಂಡು ನೋಡುವುದು ನನಗೆ ಚಿಕ್ಕಂದಿನಿಂದ ರೂಢಿ. ಬೋರ್ಡಿಗೂ ಅದನ್ನೇ ಮಾಡುತ್ತಿದ್ದೆ. ಗೆರೆಗಳ ತುದಿಗೆ ಹೆಸರು ಬರೆಯುವ ಶಿಸ್ತೂ ನನಗಿರಲಿಲ್ಲ. ಹೆಸರಿಲ್ಲದ ಆ ಎರಡು ಗೆರೆ, ಕೂಡುವ ಲೆಕ್ಕದ ಗುರುತಿನ ಹಾಗೆ, ಹೇಗೆ ತಿರುಗಿಸಿದರೂ ಹಾಗೇ ಕಾಣುತ್ತದೆ. ತಪ್ಪು ಹೊರಗೆ ತೋರುವುದಕ್ಕೆ ದಾರಿಯೇ ಇರಲಿಲ್ಲ.

ಮನೆಯಲ್ಲಿ ಮಾತ್ರ ಬೇರೆ ಕಥೆ. ನಡುಮನೆಯ ಬಲ್ಬು ಬಡಗಲ ಗೋಡೆಯಲ್ಲಿತ್ತು. ಅದರ ಕೆಳಗೆ, ಆ ಗೋಡೆಗೇ ಮುಖ ಮಾಡಿ, ಮಣೆಯ ಮೇಲೆ ಹಾಳೆ ಹಾಸಿಕೊಂಡು ಬರೆಯುತ್ತಿದ್ದೆ. ಬಡಗಲಿಗೆ ಮುಖ ಮಾಡಿದವಳಿಗೆ ಬಲಗಡೆಯೇ ಮೂಡಲು. ಮನೆಲೆಕ್ಕವೆಲ್ಲ ಮುತ್ತು ಪೋಣಿಸಿದಂತೆ ಸರಿ!

ಒಂದು ದಿನ ಮೇಷ್ಟ್ರು ಕ್ಲಾಸಿನಲ್ಲೇ ಟೆಸ್ಟು ಕೊಟ್ಟರು. ಅವರು ಹೇಳಿದ ಚುಕ್ಕೆಗಳನ್ನು ಸೇರಿಸಿದರೆ ಒಂದು ಮನೆಯ ಚಿತ್ರ ಬರಬೇಕು, ಮೇಲೆ ತ್ರಿಕೋನದ ಸೂರು. ಎಲ್ಲರ ಮನೆಗಳೂ ನೆಟ್ಟಗೆ ನಿಂತಿದ್ದವು. ನನ್ನದು ಬಲಕ್ಕೆ ಮಗುಚಿ ಮಲಗಿತ್ತು. ಪಕ್ಕದಲ್ಲಿ ಕೂರುವ ಸಾವಿತ್ರಿ, ಅವಳೂ ಗುತ್ತಲಿನವಳೇ, ಅಮಲ್ದಾರರ ಆಫೀಸಿನ ಗುಮಾಸ್ತರ ಮಗಳು, ನನ್ನ ಹಾಳೆಗೆ ಇಣುಕಿ, "ಹನಕೆರೇಲಿ ಮನೆ ಹೀಗೇ ಕಟ್ತಾರೇನೇ? ಒಳಗೆ ತೆವಳಿಕೊಂಡು ಹೋಗ್ತೀರಾ?" ಎಂದಳು. ಇಡೀ ಬೆಂಚು ಕಿಸಕ್ಕೆಂದಿತು. ನಾನು ಸುತ್ತ ನೋಡಿದೆ. ನನಗೆ ಕಂಡದ್ದು ಎಲ್ಲರ ಮನೆಯೂ ಬಿದ್ದಿರುವುದು, ನನ್ನದೊಂದೇ ನಿಂತಿರುವುದು.

ನನಗೆ ಸೊನ್ನೆ ಬಂತು. ಅದು ನೋವಲ್ಲ. ಸೊನ್ನೆ ನನಗೆ ಅಪರಿಚಿತವೇನೂ ಆಗಿರಲಿಲ್ಲ. ನೋವಾದದ್ದು ಮೇಷ್ಟ್ರ ಮುಂದಿನ ಮಾತಿನಿಂದ. ಅವರು ನನ್ನ ಮನೆಲೆಕ್ಕದ ಹಾಳೆಯನ್ನೂ ಟೆಸ್ಟಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ, "ಜಯಲಕ್ಷ್ಮಿ, ಮನೇಲಿ ನಿನಗೆ ಯಾರು ಬರೆದುಕೊಡ್ತಾರೆ? ನಾಳೆ ನಿಮ್ಮ ತಂದೆಯನ್ನ ಕರ್ಕೊಂಡು ಬಾ" ಎಂದರು. ಬೈಗುಳವಿಲ್ಲ, ಬೆತ್ತವಿಲ್ಲ. ಬರೀ ಬೇಸರ. ಅವರು ಒಂದು ಏಟು ಹೊಡೆದಿದ್ದರೆ ನಾನು ಅಂದು ಅಷ್ಟು ಅಳುತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ಅಪ್ಪ ಕಬ್ಬಿನ ಗದ್ದೆಗೆ ನೀರು ಕಟ್ಟಿ ಬಂದು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ಅವನು ಸಿಟ್ಟಿನ ಮನುಷ್ಯನಲ್ಲ, ಆದರೆ ಸುಳ್ಳು ಎಂದರೆ ಅವನಿಗಾಗದು.

"ಫೇಲಾದ್ರೆ ಮತ್ತೊಂದು ಸತಿ ಕುಂತ್ಕೋ, ನಾನೇನೂ ಅನ್ನಕಿಲ್ಲ" ಎಂದ. "ಆದ್ರೆ ಕದ್ದು ಬರ್ದು ಮೇಸ್ಟ್ರಿಗೆ ಸುಳ್ಳೇಳೋ ಮಗಳ್ನ ರೈಲತ್ಸಿ ಓದ್ಸಕಿಲ್ಲ. ನಾಳೆ ಬತ್ತೀನಿ. ಅವ್ರೇಳಿದ್ದು ದಿಟ ಆದ್ರೆ ಸೀಸನ್ ಟಿಕೀಟು ಅಲ್ಲೇ ಅರ್ದಾಕ್ತೀನಿ."

"ನನ್ನ ಕಣ್ಮುಂದೇನೇ ಕುಂತು ಬರ್ದವಳೆ ಕಣ್ಲಾ" ಎಂದಳು ಅಜ್ಜಿ ಒಳಗಿನಿಂದ. "ಈ ಮನೇಲಿ ಬರ್ದುಕೊಡಕೆ ಯಾರವ್ರೆ? ನಾನಾ, ನೀನಾ, ಇಲ್ಲ ಆ ಕರುವಾ?"

ಅಜ್ಜಿಯ ಮಾತು ಸರಿಯಿತ್ತು, ಮೇಷ್ಟ್ರ ಮಾತೂ ಸರಿಯೇ ಇರಬೇಕು ಎಂದು ಅಪ್ಪನಿಗೆ ತೋರಿದ್ದಿರಬಹುದು. ನಡುವೆ ಸಿಕ್ಕಿಕೊಂಡವಳು ನಾನು. ಮಾರನೆಯ ಬೆಳಿಗ್ಗೆ ರೈಲಿನಲ್ಲಿ ಅಪ್ಪ ನನ್ನ ಎದುರಿಗೆ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಜಾಮಿಟ್ರಿ ಬಾಕ್ಸನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಮಾಡದ ತಪ್ಪನ್ನು ಮಾಡಿಲ್ಲ ಎಂದು ತೋರಿಸುವುದು ಹೇಗೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾಕಂಬಿ ವಾಸನೆ ಬಂದಾಗ, ಇದನ್ನು ಮೂಸುವುದು ಇದೇ ಕೊನೆ ಎಂದುಕೊಂಡೆ.

ಕ್ಲಾಸು ಶುರುವಾಗುವ ಮೊದಲೇ ಮೇಷ್ಟ್ರು ನಮ್ಮನ್ನು ಖಾಲಿಯಿದ್ದ ಕ್ಲಾಸಿನ ಕೋಣೆಗೇ ಕರೆದರು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಟವಲು ತೆಗೆದು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತ. ಕೂರಿ ಎಂದರೂ ಕೂರಲಿಲ್ಲ.

ಮೇಷ್ಟ್ರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, ಬೋರ್ಡಿನ ಮೇಲೆ ಎರಡು ಗೆರೆ ಎಳೆದು, "ಹೆದರಬೇಡ. ನನ್ನ ಮುಂದೆ ಒಂದೇ ಒಂದು ಚುಕ್ಕೆ ಇಟ್ಟು ತೋರಿಸು. ಮೂರು, ಎರಡು" ಎಂದರು.

ನಾನು ಬೋರ್ಡಿನ ಮುಂದೆ ನಿಂತೆ. ಹಾಳೆಯಾದರೆ ಮಲಗಿರುತ್ತದೆ. ಬೋರ್ಡು ನಿಂತಿದೆ. ಮೂರು ಮನೆ ಮೂಡಲಿಗೆ ಹೋಗಬೇಕು. ಮೂಡಲು ನನ್ನ ಬೆನ್ನ ಹಿಂದೆ, ಅಪ್ಪ ನಿಂತಿರುವ ಬಾಗಿಲ ಕಡೆ ಇದೆ. ಬೋರ್ಡಿನಿಂದ ಆಚೆಗೆ, ಗಾಳಿಯಲ್ಲಿ! ಗಾಳಿಯಲ್ಲಿ ಚುಕ್ಕೆ ಇಡುವುದು ಹೇಗೆ? ಕೈ ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಬೆವರಿಗೆ ಸೀಮೆಸುಣ್ಣ ಒದ್ದೆಯಾಯಿತು. ಹಿಂದೆ ಅಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಮಗಳ ಕಳ್ಳತನ ಅವನಿಗೆ ಖಾತ್ರಿಯಾಗುತ್ತಿದೆ ಎಂದು ಅನ್ನಿಸಿ, ಅಳು ತಡೆಯಲಾರದೆ ಕೂಗಿಯೇಬಿಟ್ಟೆ:

"ಸಾ, ಬೋಲ್ಡಲ್ಲಿ ಮೂಡ್ಲೇ ಇಲ್ವಲ್ಲ ಸಾ! ಮೂಡ್ಲು ನನ್ನ ಬೆನ್ನಿಂದೈತೆ!"

ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಏನಿಲ್ಲ?" ಎಂದರು.

ಅಪ್ಪನಿಗೆ ಮಾತ್ರ ಥಟ್ಟನೆ ಅರ್ಥವಾಯಿತು. ಮಗಳ ಪರವಾಗಿ ಮಾತಾಡಬೇಕೆಂದಲ್ಲ, ಮೇಷ್ಟ್ರಿಗೆ ದಿಕ್ಕು ತಪ್ಪಿದೆಯೆಂದು ತಿಳಿದು ಸಂಕೋಚದಿಂದಲೇ ಟವಲು ಹಿಡಿದ ಕೈಯನ್ನು ಬಾಗಿಲಾಚೆಗೆ ಚಾಚಿ, "ಔದು ಮೇಸ್ಟ್ರೇ. ಮೂಡ್ಲು ಇತ್ಲಾಗೈತೆ. ಆ ಗ್ವಾಡೆ ಪಡುವ್ಲು" ಎಂದ.

ಮೇಷ್ಟ್ರು ಅಪ್ಪನ ಕೈ ನೋಡಿದರು. ನನ್ನ ಕೈ ನೋಡಿದರು. ಅದೂ ಬೆನ್ನ ಹಿಂದಕ್ಕೆ, ಅದೇ ಬಾಗಿಲ ಕಡೆಗೆ ಚಾಚಿತ್ತು. ಅಪ್ಪ ಮಗಳು ಇಬ್ಬರೂ ಒಂದೇ ಕಡೆ ಬೆರಳು ಮಾಡಿ ಕೈಮರದ ಹಾಗೆ ನಿಂತಿದ್ದೇವೆ. ಮೇಷ್ಟ್ರು ಮೇಜಿನ ಮೇಲಿದ್ದ ನನ್ನ ಟೆಸ್ಟಿನ ಹಾಳೆಯನ್ನು ಮೆಲ್ಲಗೆ ಎಡಕ್ಕೆ ಕಾಲು ಸುತ್ತು ತಿರುಗಿಸಿದರು. ಮಗುಚಿ ಬಿದ್ದಿದ್ದ ಮನೆ ಎದ್ದು ನಿಂತಿತು. ಒಂದು ಚುಕ್ಕೆಯೂ ಆಚೀಚೆ ಇಲ್ಲ.

ಅವರು ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಕನ್ನಡಕ ತೆಗೆದು ಕೋಟಿನ ತುದಿಯಿಂದ ಕಣ್ಣೊರೆಸಿಕೊಂಡರು. ನಕ್ಕು ಮುಗಿಸಿ, ಅಪ್ಪನ ಎದುರಿಗೇ ನನಗೆ ಹೇಳಿದರು: "ತಪ್ಪು ನಂದು ಕಣಮ್ಮ. ಪೂರ್ವ ಅಂತ ಹೇಳಿಕೊಟ್ಟವನು ನಾನು. ನೀನು ಹೇಳಿದ ಹಾಗೇ ಮಾಡಿದ್ದೀಯೆ. ನಿನ್ನನ್ನ ಅನುಮಾನಿಸಿದೆನಲ್ಲ, ಅದನ್ನ ಮನಸ್ಸಿನಲ್ಲಿ ಇಟ್ಕೋಬೇಡ."

ಆ ಕಾಲದ ಮೇಷ್ಟ್ರುಗಳನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. "ಅಂಗಂದ್ರೆ ಮಗ್ಳು ಕದ್ದಿಲ್ಲ?" ಎಂದ ಅಪ್ಪ. "ಇಲ್ಲ, ಇಲ್ಲ" ಎಂದರು ಮೇಷ್ಟ್ರು. ಅಪ್ಪ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದ. ಸಂಜೆ ಮನೆಗೆ ಬಂದರೆ ಮದ್ದೂರು ವಡೆಯ ಪೊಟ್ಟಣ ಕಾದಿತ್ತು. ಅವನು ಹನಕೆರೆಯಲ್ಲಿ ಇಳಿಯುವುದು ಬಿಟ್ಟು ಮದ್ದೂರಿನ ತನಕ ಹೋಗಿ, ಅದನ್ನು ಕೊಂಡು ಹಿಂದಕ್ಕೆ ಬಂದಿದ್ದನಂತೆ. ಯಾಕೆ ಎಂದು ಅಜ್ಜಿ ಕೇಳಿದ್ದಕ್ಕೆ, "ನಿದ್ದೆ ಬಂದ್ಬುಡ್ತು, ಇಳ್ಯದು ಮರ್ತೆ" ಎಂದನಂತೆ. ಸುಳ್ಳೆಂದರೆ ಆಗದ ಮನುಷ್ಯ ಹೇಳಿದ ಆ ಒಂದು ಸುಳ್ಳಿನ ಋಣವನ್ನು ನಾನು ಎಂದೂ ತೀರಿಸಲಾರೆ.

ಮರುದಿನ ಮೇಷ್ಟ್ರು ಕ್ಲಾಸಿಗೆ ಬಂದು, "ಆಕೃತಿಗಳನ್ನು ತಿರುಗಿಸುವುದು ಮುಂದಿನ ಪಾಠ. ಜಯಲಕ್ಷ್ಮಿ ನಾನು ಕಲಿಸುವ ಮೊದಲೇ ಅದನ್ನ ಮಾಡಿ ಮುಗಿಸಿದ್ದಾಳೆ" ಎಂದರು. ಸಾವಿತ್ರಿ ಬಾಯಿ ತೆರೆದಳು. ಆಮೇಲೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಿಂದ ನೆಲದ ಮೇಲೆ ಚೌಕುಳಿ ಎಳೆಸಿದರು, ನಡುವೆ ಒಂದು ಗೂಟ. ಗೂಟದಿಂದ ಒಬ್ಬೊಬ್ಬರಿಗೂ ಒಂದೊಂದು ಹಗ್ಗ. ಚುಕ್ಕೆಗಳಿರಬೇಕಾದ ಕಡೆ ನಾವೇ ನಿಂತೆವು. "ಹಗ್ಗ ಸಡಿಲ ಬಿಡಬೇಡಿ, ಎಲ್ಲರೂ ಕಾಲು ಸುತ್ತು ನಡೀರಿ" ಎಂದರು.

ನಡೆದೆವು. ನನಗೆ ಕಂಡದ್ದು ನಮ್ಮ ಕಣ. ನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು ಹುಲ್ಲು ತುಳಿಯುತ್ತ ಸುತ್ತುವುದು. ಒಳಗಿನ ಎತ್ತು ಸಣ್ಣ ಸುತ್ತು, ಹೊರಗಿನದು ದೊಡ್ಡ ಸುತ್ತು. ಆದರೆ ಎಲ್ಲವೂ ತಿರುಗುವುದು ಒಂದೇ ಸಮ. ಸಾಲು ಮುರಿಯುವುದಿಲ್ಲ, ಮೇಟಿ ಅಲುಗುವುದಿಲ್ಲ. "ಸಾ, ಮೂಲಬಿಂದು ಅಂದ್ರೆ ಮೇಟಿ!" ಎಂದು ಕಿರುಚಿದೆ. ಹಳ್ಳಿಯಿಂದ ಬರುವ ಹುಡುಗರೆಲ್ಲ "ಔದು ಕಣ್ಲಾ, ಮೇಟಿ!" ಎಂದು ಚಪ್ಪಾಳೆ ತಟ್ಟಿದರು. ಮೇಟಿ ಎಂದರೇನು ಎಂದು ಸಾವಿತ್ರಿ ನನ್ನನ್ನು ಕೇಳಬೇಕಾಯಿತು. ನಾನು ತುಸು ತಡಮಾಡಿಯೇ ಹೇಳಿದೆ.

ಅಷ್ಟಾದರೂ ಅಪಾಯ ಕಳೆದಿರಲಿಲ್ಲ. ತಿಳಿದದ್ದು ಬೇರೆ, ರೂಢಿ ಬೇರೆ. ಬೆಂಚಿನಲ್ಲಿ ಕುಳಿತೊಡನೆ ಕೈ ತಾನಾಗಿ ಮೂಡಲಿಗೆ ಓಡುತ್ತಿತ್ತು. ಮೇಷ್ಟ್ರು ಮೊದಲು ನನ್ನ ಬೆಂಚನ್ನು ಬಡಗಲಿಗೆ ತಿರುಗಿಸಿ ಹಾಕಿಸಿದರು. ಎಲ್ಲ ಸರಿಹೋಯಿತು. ಎರಡು ದಿನ ಕಳೆದ ಮೇಲೆ ಅವರೇ ತಲೆ ಕೆರೆದುಕೊಂಡು, "ಪರೀಕ್ಷೆ ಹಾಲಿನಲ್ಲಿ ನಿನಗೋಸ್ಕರ ಬೆಂಚು ತಿರುಗಿಸ್ತಾರೇನೇ?" ಎಂದರು. ಆಮೇಲೆ ದಿನಕ್ಕೊಂದು ದಿಕ್ಕಿಗೆ ನನ್ನನ್ನು ಕೂರಿಸತೊಡಗಿದರು. ಇಂದು ಮೂಡಲು, ನಾಳೆ ತೆಂಕಲು. ಒಂದು ದಿನ ಬೆನ್ನು ಬೋರ್ಡಿಗೆ ಕೊಟ್ಟು ಇಡೀ ಕ್ಲಾಸಿನ ಮುಖ ನೋಡುತ್ತ ಲೆಕ್ಕ ಮಾಡಿದೆ. ಆಗಲೂ ಕೈ ತಪ್ಪುತ್ತಿತ್ತು.

ಕೊನೆಗೊಂದು ದಿನ ಅವರು ನನ್ನ ಹಾಳೆಯ ಬಲ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪುಟಾಣಿ ಸೂರ್ಯನನ್ನು ಬರೆದರು. ಅರ್ಧ ಚಕ್ರ, ನಾಲ್ಕಾರು ಕಿರಣ. "ನೋಡು, ನಿಮ್ಮೂರಿಗೆ ಒಂದು ಮೂಡಲು ಇರೋ ಹಾಗೆ ಈ ಹಾಳೆಗೂ ಒಂದು ಇದೆ. ಹಾಳೆಯೊಳಗೆ ಹೊತ್ತು ಹುಟ್ಟೋದು ಇಲ್ಲೇ. ನೀನು ಎಲ್ಲಿ ಕೂತಿರು, ಹೇಗೆ ಕೂತಿರು, ಇದರ ಮೂಡಲು ಇದರದೇ. ಕೆಲಸ ಮುಗಿದ ಮೇಲೆ ಅಳಿಸಿಬಿಡು" ಎಂದರು. ಅಷ್ಟೇ. ಅಂದಿನಿಂದ ನನಗೆ ಒಂದು ಚುಕ್ಕೆಯೂ ತಪ್ಪಲಿಲ್ಲ.

ಅವರು ನನ್ನ ಮೂಡಲನ್ನು ಬಿಡು ಎನ್ನಲಿಲ್ಲ ನೋಡಿ. ಎಡಬಲ ಕಲಿ, ಹಳ್ಳಿ ಮಾತು ಬಿಡು ಎಂದು ಗದರಿಸಿದ್ದರೆ ಕಲಿಯುತ್ತಿದ್ದೆನೋ ಏನೋ, ಮನಸ್ಸಿಗೆ ಮಾತ್ರ ಅವಮಾನ ಅಂಟಿಕೊಂಡಿರುತ್ತಿತ್ತು. ಅವರು ನನಗೆ ಇನ್ನೊಂದು ಮೂಡಲು ಕೊಟ್ಟರು.

ಪರೀಕ್ಷೆಯ ಜಾಗ ನಮ್ಮ ಪಾಲಿಗೆ ಮದ್ದೂರು ಬಿತ್ತು. ಲೆಕ್ಕದ ದಿನ ಹಾಲಿಗೆ ಕಾಲಿಟ್ಟೊಡನೆ ದಿಕ್ಕೇ ತಪ್ಪಿತು. ಕಟ್ಟಿದ ಪುಣ್ಯಾತ್ಮರು ರಸ್ತೆಯ ಓರೆಗೆ ತಕ್ಕಂತೆ ಕಟ್ಟಡವನ್ನೂ ಓರೆಯಾಗಿ ಕಟ್ಟಿಬಿಟ್ಟಿದ್ದರು. ಮೇಜುಗಳು ಅತ್ತ ಮೂಡಲಿಗೂ ಇಲ್ಲ, ಇತ್ತ ತೆಂಕಲಿಗೂ ಇಲ್ಲ. ಹುಟ್ಟಿದಾಗಿನಿಂದ ಅಂಥ ಮೂಲೆದಿಕ್ಕಿಗೆ ಮುಖ ಮಾಡಿ ನಾನು ಊಟಕ್ಕೂ ಕೂತವಳಲ್ಲ. ಪ್ರಶ್ನೆಪತ್ರಿಕೆ ಬಂತು. ತ್ರಿಕೋನವೊಂದನ್ನು ಗುರುತಿಸಿ ಮೂಲಬಿಂದುವಿನ ಸುತ್ತ ಕಾಲು ಸುತ್ತು ತಿರುಗಿಸಿ ಎಂದಿತ್ತು. ಬಿಡಲು ಬಾರದ ಪ್ರಶ್ನೆ. ನಾನು ಮೊದಲು ಪೆನ್ಸಿಲು ತೆಗೆದು ಬಲ ಅಂಚಿನಲ್ಲಿ ಸೂರ್ಯನನ್ನು ಹುಟ್ಟಿಸಿದೆ.

ಮೇಲ್ವಿಚಾರಣೆಯ ಮೇಷ್ಟ್ರು ಓಡಿಬಂದರು. "ಏನಿದು? ಯಾರಿಗೆ ಸಂಜ್ಞೆ?"

"ಹೊತ್ತು ಸಾ" ಎಂದೆ.

"ಹೊತ್ತೇ?"

"ಮೂಡ್ಲು ಯಾವ ಕಡೆ ಅಂತ ಗೊತ್ತಾಗಕೆ ಸಾ. ಆಮೇಲೆ ಅಳಿಸ್ತೀನಿ."

ಅವರು ನನ್ನನ್ನೊಮ್ಮೆ, ಸೂರ್ಯನನ್ನೊಮ್ಮೆ, ಕಿಟಕಿಯಾಚೆಯ ನಿಜವಾದ ಸೂರ್ಯನನ್ನೊಮ್ಮೆ ನೋಡಿ, ಈ ಹುಡುಗಿಗೆ ಬಿಸಿಲು ಹತ್ತಿದೆ ಎಂದುಕೊಂಡರೇನೋ, "ನೀರು ಕುಡೀತೀಯಾ?" ಎಂದು ಕೇಳಿ ಹೋದರು. ನಾನು ಮೇಟಿ ನೆಟ್ಟೆ, ತ್ರಿಕೋನವನ್ನು ಕಟ್ಟಿದೆ, ಕಾಲು ಸುತ್ತು ನಡೆಸಿದೆ. ಸಾಲು ಮುರಿಯಲಿಲ್ಲ.

ಪಾಸಾದೆ. ಫಸ್ಟ್ ಕ್ಲಾಸು ಗಿಸ್ಟ್ ಕ್ಲಾಸು ಏನಿಲ್ಲ, ಬರೀ ಪಾಸು. ಅಪ್ಪ ಆಲೆಮನೆಯ ಹೊಸ ಅಚ್ಚುಬೆಲ್ಲವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಗುತ್ತಲಿನ ಅನಂತಯ್ಯ ಮೇಷ್ಟ್ರ ಬಿಡಾರಕ್ಕೆ ಹೋದ. ಮೇಷ್ಟ್ರು ಇರಲಿಲ್ಲವಂತೆ. ಒಳಗಿದ್ದ ಅವರ ಹೆಂಡತಿಗೆ, "ಜಗುಲಿ ಮೂಡ್ಲ ತುದೀಲಿ ಮಡಗಿವ್ನಿ ಕಣಮ್ಮ. ಮೇಸ್ಟ್ರಿಗೇಳಿ, ಅವ್ರಿಗೆ ಗೊತ್ತಾಯ್ತದೆ" ಎಂದು ಕೂಗಿ ಹೇಳಿ ಬಂದನಂತೆ.

ಮುಂದೆ ಟ್ರೈನಿಂಗು ಮುಗಿಸಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನೂ ಮೇಷ್ಟ್ರಾದೆ, ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ. ಅನಂತಯ್ಯ ಮೇಷ್ಟ್ರು ರಿಟೈರಾಗಿ ಬೆಳಕವಾಡಿಗೆ ಬಂದು ನೆಲೆಸಿದ್ದಾರೆ, ಕಣ್ಣಿನ ಪೊರೆ ತೆಗೆಸಿದ್ದಾರೆ ಎಂದು ತಿಳಿದು ಒಂದು ಭಾನುವಾರ ಶಿವನಸಮುದ್ರದ ಬಸ್ಸು ಹಿಡಿದು ಹೋದೆ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಎರಡು ಕಣ್ಣಿಗೂ ಹಸಿರು ಬಟ್ಟೆ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವರು ನೀರು ಕುಡಿಯಲೆಂದೋ ಏನೋ ಎದ್ದು ತಡವರಿಸಿದರು. ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು:

"ಮೂಡಲಿಗೆ ಎರಡು ಹೆಜ್ಜೆ ಇಡಿ. ಚೊಂಬು ತೆಂಕಲ ಕಿಟಕಿಯಲ್ಲಿದೆ."

ನಾನು ಬೆರಗಾಗಿ ನಿಂತುಬಿಟ್ಟೆ. ಆ ಮನೆಯಲ್ಲಿ, ಅವರ ಬಾಯಲ್ಲಿ, ಆ ಮಾತು! ಮೇಷ್ಟ್ರು ಎರಡು ಹೆಜ್ಜೆ ಇಟ್ಟು, ಕೈ ಚಾಚಿ, ಸರಿಯಾಗಿ ಚೊಂಬು ಹಿಡಿದರು.

"ಸಾರ್, ನಾನು ಜಯಲಕ್ಷ್ಮಿ. ಹನಕೆರೆ" ಎಂದೆ.

ಅವರು ಚೊಂಬು ಹಿಡಿದೇ ನಕ್ಕರು. ಅದೇ ನಗು, ಮೊದಲು ಮೂಗಿನಲ್ಲಿ. "ಬಾ ಬಾ. ಕೇಳಿಸ್ತೇನು? ಕಣ್ಣು ಕಟ್ಟಿದ ಮೊದಲ ದಿನ ಇವಳು ಎಡಕ್ಕೆ ಬಲಕ್ಕೆ ಅಂತಿದ್ದಳು. ನಾನು ತಿರುಗಿದ ಹಾಗೆಲ್ಲ ಎಡಬಲಾನೂ ನನ್ನ ಜೊತೆಗೇ ತಿರುಗಿಬಿಡ್ತಿತ್ತು. ಸಿಕ್ಕಸಿಕ್ಕ ಕಡೆ ಮಂಡಿ ಒಡಕೊಂಡೆ. ಆಮೇಲೆ ನಿನ್ನ ಜ್ಞಾಪಕ ಬಂತು. ಈಗ ನೋಡು, ಕತ್ತಲಲ್ಲಿ ಎಲ್ಲ ತಿರುಗಿದರೂ ಮೂಡಲು ಮಾತ್ರ ಇದ್ದಲ್ಲೇ ಇರುತ್ತೆ. ನಿನ್ನಿಂದ ಕಲಿತದ್ದು ಕಣಮ್ಮ ಇದು."

ಹೋಗಿ ಕಾಲಿಗೆ ನಮಸ್ಕಾರ ಮಾಡಿದೆ. ನಾನು ಬಗ್ಗಿದ್ದು ಅವರಿಗೆ ತಿಳಿಯಿತು. ಆಶೀರ್ವಾದಕ್ಕೆಂದು ಕೈ ಚಾಚಿದರು, ಆದರೆ ನಾನಿರುವುದೆಲ್ಲಿ ಎಂದು ತಿಳಿಯದೆ ಆ ಕೈ ಗಾಳಿಯಲ್ಲಿ ಹುಡುಕುತ್ತಿತ್ತು.

"ಮೂಡ್ಲಾಗಿವ್ನಿ ಸಾ" ಎಂದೆ.

ಕೈ ನೇರವಾಗಿ ಬಂದು ನನ್ನ ತಲೆಯ ಮೇಲೆ ಕುಳಿತಿತು.